‘ನಿಮ್ಮ ಬಗ್ಗೆ ಏನಾದ್ರೂ ಇಂಟರೆಸ್ಟಿಂಗ್ ಹೇಳಿ’ ಅಂದಾಗ ಏನು ಹೇಳೋದು?

ಬೆಂಗಳೂರಿನಲ್ಲಿ ನನ್ನ ಮೊದಲ ಕೆಲಸದ ಮೊದಲ ದಿನ. ಹದಿನಾಲ್ಕು ಜನ ಹೊಸಬರನ್ನು ಒಂದು ರೂಮಿನಲ್ಲಿ ಕೂರಿಸಿದ್ದರು. ಎಚ್‌ಆರ್ ಮೇಡಂ ನಗುನಗುತ್ತಾ, “ಹೆಸರು, ಊರು, ಆಮೇಲೆ ನಿಮ್ಮ ಬಗ್ಗೆ ಒಂದು ಫನ್ ಫ್ಯಾಕ್ಟ್” ಅಂದರು. ಮೊದಲನೆಯವರು ಟ್ರಾವೆಲ್ ಇಷ್ಟ ಅಂದರು. ಎರಡನೆಯವರು ಟ್ರಾವೆಲ್ ಜೊತೆಗೆ ಮ್ಯೂಸಿಕ್ ಸೇರಿಸಿದರು. ಮೂರನೆಯವರು ಫುಡೀ. ನನ್ನ ಸರದಿ ಬರುವಷ್ಟರಲ್ಲಿ ತಲೆ ಪೂರ್ತಿ ಖಾಲಿ. “ನಂದೂ ಟ್ರಾವೆಲ್ಲೇ” ಅಂದೆ. ಹಿಂದೆ ಯಾರೋ ಕಿಸಕ್ಕಂದರು. ಆ ವರ್ಷ ನಾನು ಮಾಡಿದ್ದ ಪ್ರಯಾಣ ಅಂದ್ರೆ ಹಿರಿಯೂರು–ಬೆಂಗಳೂರು ಬಸ್ಸು, ಅಷ್ಟೇ.

ಈಗ ಕಾಲ ತಿರುಗಿದೆ. ನಮ್ಮ ಟೀಮಿಗೆ ಸೇರುವವರಿಗೆ ಈ ಪ್ರಶ್ನೆ ಕೇಳುವ ಪಾಪದ ಕೆಲಸ ನನ್ನದೇ ಆಗಿದೆ. ತಡವರಿಸುವವರನ್ನು ತುಂಬಾ ನೋಡಿದ್ದೇನೆ. ಆಮೇಲೆ ಟೀ ಕುಡಿಯುತ್ತಾ ಮಾತಾಡಿದರೆ ಅದೇ ಜನ ಎಂಥೆಂಥ ಕಥೆ ಹೇಳುತ್ತಾರೆ ಅಂತೀರಿ! ‘ಇದನ್ನೇ ಹೇಳಬಹುದಿತ್ತಲ್ಲ’ ಅಂದರೆ, ‘ಇದಾ? ಇದರಲ್ಲೇನಿದೆ, ನಮ್ಮ ಕಡೆ ಎಲ್ಲರ ಮನೆಯಲ್ಲೂ ಹೀಗೇ’ ಅನ್ನುತ್ತಾರೆ. ಎಲ್ಲರ ಮನೆಯಲ್ಲೂ ಹೀಗೇ ಅನ್ನಿಸಿದ ಕಡೆಯೇ ಅಗೆಯಬೇಕಾದ್ದು. ಹೇಗೆ ಅಂತ ಹೇಳುತ್ತೇನೆ.

ಮೊದಲು, ಅವರು ಕೇಳುತ್ತಿರುವುದು ಏನು?

ಈ ಪ್ರಶ್ನೆ ಕಿವಿಗೆ ಬಿದ್ದ ಕೂಡಲೇ ನಾವು ಟ್ರೋಫಿ ಹುಡುಕಲು ಹೊರಡುತ್ತೇವೆ. ರ‍್ಯಾಂಕ್ ಬಂದಿದ್ದೆನಾ? ಬೆಟ್ಟ ಹತ್ತಿದ್ದೆನಾ? ಯಾರಾದ್ರೂ ಸಿನಿಮಾದವರ ಜೊತೆ ಫೋಟೋ ಇದೆಯಾ? ಎದುರಿಗಿದ್ದವರಿಗೆ ಅದು ಯಾವುದೂ ಬೇಡ. ಹದಿನಾಲ್ಕು ಹೊಸ ಮುಖಗಳ ನಡುವೆ ನಿಮ್ಮನ್ನು ಗುರುತಿಟ್ಟುಕೊಳ್ಳಲು ಅವರಿಗೊಂದು ಹಿಡಿ ಬೇಕು. ಚೊಂಬಿಗೆ ಕಂಠ ಇದ್ದ ಹಾಗೆ.

ಹೆಸರು ಆ ಕೆಲಸ ಮಾಡುವುದಿಲ್ಲ. 1987ರಲ್ಲಿ ಬ್ರಿಟನ್ನಿನ ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗ ಮಾಡಿದ್ದರು. ಜನರಿಗೆ ಗುರುತಿಲ್ಲದ ಮುಖಗಳನ್ನು ತೋರಿಸಿ, ಅವರ ಹೆಸರನ್ನೂ ಕಸುಬನ್ನೂ ಕಲಿಸಿದರು. ಇಂಗ್ಲಿಷಿನಲ್ಲಿ ‘ಬೇಕರ್’ ಅನ್ನೋದು ಅಡ್ಡಹೆಸರೂ ಹೌದು, ಬೇಕರಿ ಕೆಲಸದವನೂ ಹೌದು. ಅಂಥ ಪದ ಕಸುಬಾಗಿ ಬಂದಾಗ ಜನರಿಗೆ ನೆನಪಿರುತ್ತಿತ್ತು, ಹೆಸರಾಗಿ ಬಂದಾಗ ಮರೆತುಹೋಗುತ್ತಿತ್ತು. ನಮ್ಮಲ್ಲೂ ನೋಡಿ. ‘ಇವರು ಬಡಿಗೇರ್’ ಅಂದರೆ ಅರ್ಧ ಗಂಟೆಯಲ್ಲಿ ಮರೆಯುತ್ತೇವೆ. ‘ಇವರಪ್ಪ ಬಡಿಗೆ ಕೆಲಸದವರು, ಮನೆ ತುಂಬ ಮರದ ಹೊಟ್ಟು’ ಅಂದರೆ ಮೂಗಿಗೆ ವಾಸನೆಯೇ ಬರುತ್ತದೆ. ಹೆಸರು ಬರೀ ಸದ್ದು. ಸಂಗತಿಗೆ ಚಿತ್ರ ಇರುತ್ತದೆ.

ಹಾಗಾಗಿ ನೀವು ಹೇಳುವ ಮಾತು ದೊಡ್ಡದಾಗಿರಬೇಕಿಲ್ಲ. ಕೇಳಿದವರ ಕಣ್ಣಿಗೆ ಕಟ್ಟಬೇಕು. ಜೊತೆಗೆ, ಅವರ ಬಾಯಿಗೆ ಒಂದು ಪ್ರಶ್ನೆ ಬರಬೇಕು. ಎರಡನೆಯದು ಜಾಸ್ತಿ ಮುಖ್ಯ.

ಅರ್ಧ ಗಂಟೆ, ಒಂದು ಹಾಳೆ, ಅಮ್ಮನಿಗೊಂದು ಫೋನು

ಇದನ್ನು ಕುರ್ಚಿಯಲ್ಲಿ ಕೂತು ಸರದಿ ಕಾಯುತ್ತಾ ಮಾಡಲು ಆಗುವುದಿಲ್ಲ. ಹಿಂದಿನ ಭಾನುವಾರವೇ ಮಾಡಬೇಕು. ಹಾಳೆ ತಗೊಳ್ಳಿ. ಮೊಬೈಲಿನಲ್ಲಿ ಬರೆದರೂ ನಡೆಯುತ್ತದೆ, ಆದರೆ ಕೈಯಲ್ಲಿ ಬರೆದರೆ ಹಳೇದು ಬೇಗ ಬರುತ್ತದೆ ಅಂತ ನನ್ನ ಅನುಭವ. ಒಳ್ಳೇದು ಕೆಟ್ಟದ್ದು ಅಂತ ಆರಿಸುತ್ತಾ ಕೂರಬೇಡಿ. ಹದಿನೈದಿಪ್ಪತ್ತು ಸಾಲು ಸುಮ್ನೆ ಗೀಚಿ. ಎಲ್ಲಿ ಹುಡುಕಬೇಕು ಅಂತ ನಾನು ಹೇಳುತ್ತೇನೆ.

ಹೆಸರಿನಿಂದ ಶುರು ಮಾಡಿ. ನಮ್ಮ ಹಳೇ ಮೈಸೂರು ಕಡೆ ಇನಿಷಿಯಲ್‌ನಲ್ಲಿ ಒಂದು ಊರೇ ಅಡಗಿರುತ್ತದೆ. ಸರ್ ಎಂ. ವಿಶ್ವೇಶ್ವರಯ್ಯ ಅವರ ‘ಎಂ’ ಅಂದರೆ ಮೋಕ್ಷಗುಂಡಂ. ಅದು ಇವತ್ತಿನ ಆಂಧ್ರದಲ್ಲಿರುವ ಊರು, ಅವರ ಹಿರಿಯರದ್ದು. ಅವರು ಹುಟ್ಟಿದ್ದು ಮುದ್ದೇನಹಳ್ಳಿಯಲ್ಲಿ. ನಿಮ್ಮ ಇನಿಷಿಯಲ್‌ನಲ್ಲೂ ನೀವು ಒಂದು ಸಲವೂ ಕಾಲಿಡದ ಊರು ಇರಬಹುದು. ‘ನನ್ನ ಹೆಸರಿನ ಮುಂದಿರುವ ಊರನ್ನು ನಾನು ಇನ್ನೂ ನೋಡಿಲ್ಲ’ ಅಂದು ನೋಡಿ, ಯಾಕೆ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಉತ್ತರ ಕರ್ನಾಟಕದವರಂತೂ ಪುಣ್ಯವಂತರು. ಉಳ್ಳಾಗಡ್ಡಿ, ಮೆಣಸಿನಕಾಯಿ, ಬೆಲ್ಲದ, ಅಕ್ಕಿ. ಅಡ್ಡಹೆಸರು ಬರೆದುಕೊಂಡರೆ ಕಿರಾಣಿ ಚೀಟಿ ತಯಾರು. ‘ನಾನು ಮೆಣಸಿನಕಾಯಿ, ನನಗೆ ಖಾರ ಆಗಲ್ಲ’ ಅಂದರೆ ಅವತ್ತಿನ ಮಟ್ಟಿಗೆ ಕೆಲಸ ಮುಗಿಯಿತು.

ಆಮೇಲೆ ಊರು. ಇಲ್ಲೊಂದು ತಪ್ಪು ಎಲ್ಲರೂ ಮಾಡುತ್ತಾರೆ. ಊರಿನ ಹೆಗ್ಗಳಿಕೆ ಹೇಳಿ ಸುಮ್ಮನಾಗುತ್ತಾರೆ. ‘ನಾನು ಹುಬ್ಬಳ್ಳಿಯವಳು, ಜಗತ್ತಿನ ಅತಿ ಉದ್ದದ ರೈಲ್ವೆ ಪ್ಲಾಟ್‌ಫಾರಂ ನಮ್ಮಲ್ಲಿದೆ, 1507 ಮೀಟರ್.’ ಸರಿ. ಆದರೆ ಇದು ಹುಬ್ಬಳ್ಳಿಯ ವಿಷಯ, ನಿಮ್ಮ ವಿಷಯ ಎಲ್ಲಿ? ‘ಆ ಪ್ಲಾಟ್‌ಫಾರಂನ ಒಂದು ತುದಿಯಲ್ಲಿ ಅಪ್ಪ, ಇನ್ನೊಂದು ತುದಿಯಲ್ಲಿ ನಾನು ನಿಂತು, ಇಬ್ಬರೂ ಫೋನಿನಲ್ಲಿ ಇಲ್ಲೇ ಇದೀನಿ ಇಲ್ಲೇ ಇದೀನಿ ಅಂತ ಜಗಳ ಆಡಿದ್ವಿ’ ಅಂದರೆ ಅದು ನಿಮ್ಮದು. ಚುನಾವಣೆಯಲ್ಲಿ ಬೆರಳಿಗೆ ಹಚ್ಚುವ ಶಾಯಿ ಮೈಸೂರಿನ ಕಾರ್ಖಾನೆಯದ್ದು, 1962ರ ಚುನಾವಣೆಯಿಂದಲೂ ಅಲ್ಲಿಂದಲೇ ಬರುತ್ತಿದೆ. ನಮ್ಮ ಟೀಮಿನ ಒಬ್ಬ ಹುಡುಗ ಇದನ್ನು ಹೇಳಿ, “ನಾನು ಮೈಸೂರಿನವನು, ಆದರೆ ಮೊದಲ ಸಲ ವೋಟು ಹಾಕಿದ್ದು ಇಪ್ಪತ್ತೊಂಬತ್ತನೇ ವಯಸ್ಸಿಗೆ” ಅಂದ. ಊರು ಹಿನ್ನೆಲೆಗೆ, ಮುಂದೆ ನೀವು. ಲೆಕ್ಕ ಅಷ್ಟೇ.

ನನ್ನದನ್ನೂ ಹೇಳಿಬಿಡುತ್ತೇನೆ. ನಮ್ಮೂರಿನ ಹತ್ತಿರ ವಾಣಿವಿಲಾಸ ಸಾಗರ ಇದೆ, ನಾವು ಮಾರಿಕಣಿವೆ ಅಂತೇವೆ. 1907ರಲ್ಲಿ ಕಟ್ಟಿ ಮುಗಿಸಿದ ಅಣೆಕಟ್ಟು. ಅದು 1933ರಲ್ಲಿ ಕೋಡಿ ಬಿದ್ದಿತ್ತು. ಆಗ ನಮ್ಮಜ್ಜ ಹತ್ತು ವರ್ಷದ ಹುಡುಗ, ಗಾಡಿ ಕಟ್ಟಿಕೊಂಡು ನೋಡಲು ಹೋಗಿದ್ದರಂತೆ. ಮತ್ತೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ. 89 ವರ್ಷ. ಅಷ್ಟೊತ್ತಿಗೆ ಅಜ್ಜ ಇರಲಿಲ್ಲ. ಅಪ್ಪ ಜೀವಮಾನವಿಡೀ ಅದೇ ಊರಿನಲ್ಲಿದ್ದೂ ಎಪ್ಪತ್ತರ ಹತ್ತಿರ ಬರುವವರೆಗೆ ಅದನ್ನು ನೋಡಿರಲಿಲ್ಲ. ಅವತ್ತು ಅಲ್ಲಿ ನಿಂತು ನೀರು ನೋಡುವುದು ಬಿಟ್ಟು ಅಪ್ಪನ ಮುಖವನ್ನೇ ನೋಡಿದೆ. ಇದನ್ನು ನಾನು ಆಫೀಸಿನಲ್ಲಿ ಹೇಳುವುದಿಲ್ಲ. ಎರಡು ವಾಕ್ಯಕ್ಕೆ ಇದು ಹಿಡಿಯುವುದಿಲ್ಲ, ನನ್ನ ಗಂಟಲೂ ಸುಮ್ಮನಿರುವುದಿಲ್ಲ. ಹಾಳೆಯಲ್ಲಿ ಬರೆದದ್ದೆಲ್ಲ ಹೊರಗೆ ಬರಲೇಬೇಕು ಅಂತೇನಿಲ್ಲ.

ಮೂರನೆಯದು ಕೈಗಳು. ನಿಮ್ಮ ಕೈಗೆ ಏನು ಬರುತ್ತದೆ? ಸರ್ಟಿಫಿಕೇಟು ಸಿಕ್ಕಿದ್ದನ್ನು ಕೇಳುತ್ತಿಲ್ಲ. ಹೂ ಕಟ್ಟುವುದು, ಅಡಿಕೆ ಸುಲಿಯುವುದು, ಹುಣಸೆ ಬಡಿಯುವುದು, ತೆಂಗಿನ ಗರಿ ಹೆಣೆಯುವುದು, ಅಂಗಡಿಯಲ್ಲಿ ಕಾಗದದ ಪೊಟ್ಟಣ ಕಟ್ಟುವುದು. ಊರಲ್ಲಿ ಇದಕ್ಕೆ ಯಾರೂ ಬೆಲೆ ಕೊಡಲ್ಲ, ಯಾಕಂದ್ರೆ ಎಲ್ಲರಿಗೂ ಬರುತ್ತದೆ. ಹತ್ತನೇ ಮಹಡಿಯ ಮೀಟಿಂಗ್ ರೂಮಿನಲ್ಲಿ ನಿಮಗೊಬ್ಬರಿಗೇ ಬರುತ್ತದೆ.

ಶಿಡ್ಲಘಟ್ಟ ಕಡೆಯ ಹುಡುಗಿಯೊಬ್ಬಳು ನಮ್ಮಲ್ಲಿ ಸೇರಿದಳು. ಪರಿಚಯದಲ್ಲಿ “ಐ ಲವ್ ನೇಚರ್” ಅಂದು ಕೂತಳು. ಮಧ್ಯಾಹ್ನ ಊಟಕ್ಕೆ ಕೂತಾಗ ಗೊತ್ತಾಯಿತು, ಅವಳ ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಾರೆ. ಹೊಸ ಹುಳುಮನೆ ಕಟ್ಟುವವರೆಗೂ ಇವರು ಮಲಗುತ್ತಿದ್ದದ್ದು ಹುಳುಗಳ ಜೊತೆಗೇ. ಹುಳು ನಾಲ್ಕು ಸಲ ಪೊರೆ ಬಿಡುತ್ತದೆ, ಅದಕ್ಕೆ ಅವರು ಜ್ವರ ಅನ್ನುತ್ತಾರೆ. ನಾಲ್ಕನೇ ಜ್ವರ ಎದ್ದ ಮೇಲೆ ಅವು ಸೊಪ್ಪು ತಿನ್ನುವ ರಭಸಕ್ಕೆ, ಕತ್ತಲಲ್ಲಿ ಹಂಚಿನ ಮೇಲೆ ಮಳೆ ಬಿದ್ದ ಹಾಗೆ ಸದ್ದು ಬರುತ್ತದಂತೆ. ಹುಳುವಿಗೆ ಆಗಲ್ಲ ಅಂತ ಸೊಳ್ಳೆಬತ್ತಿ ಹಚ್ಚುವ ಹಾಗಿಲ್ಲ. “ಹುಳ ಚೆನ್ನಾಗಿರ್ಲಿ ಅಂತ ಸೊಳ್ಳೆ ಕೈಲಿ ಕಚ್ಚಿಸ್ಕೊಂಡು ಬೆಳೆದೋಳು ನಾನು” ಅಂದಳು. ನಾನು ಅನ್ನ ಕಲಸುವುದನ್ನೇ ಮರೆತೆ. ಇವಳು ಬೆಳಿಗ್ಗೆ ಹೇಳಿದ್ದು ನೇಚರ್!

ಮುಂದಿನದು, ಮಾಡದೇ ಇರುವುದು. ಇದನ್ನು ಯಾರೂ ಯೋಚಿಸುವುದಿಲ್ಲ. ಸಾಧನೆ ಇಲ್ಲದವರಿಗೆ ಇದು ಚಿನ್ನದ ಗಣಿ. ಸಮುದ್ರ ನೋಡಿದ್ದು ಇಪ್ಪತ್ತನಾಲ್ಕನೇ ವಯಸ್ಸಿಗೆ. ಇವತ್ತಿಗೂ ಸೈಕಲ್ ಬರಲ್ಲ. ಕಾಫಿ ಬೆಳೆಯುವ ಮನೆಯವರು, ಕುಡಿಯುವುದು ಟೀ. ಹೀಗೆ ಹೇಳಿದವರ ಬಗ್ಗೆ ಕೇಳುವವರಿಗೆ ಪ್ರೀತಿಯೂ ಹುಟ್ಟುತ್ತದೆ, ಯಾಕಂದ್ರೆ ಅವರ ಪೈಕಿ ಇನ್ನೊಬ್ಬರಿಗೂ ಸೈಕಲ್ ಬರುತ್ತಿರುವುದಿಲ್ಲ.

ಮನೆಯಲ್ಲಿ ಆಡುವ ಮಾತೂ ಬರೆದುಕೊಳ್ಳಿ. ಅಮ್ಮನ ಹತ್ತಿರ ತುಳು, ಅಪ್ಪನ ಹತ್ತಿರ ಕೊಂಕಣಿ, ತಂಗಿ ಹತ್ತಿರ ಕನ್ನಡ, ಬೈಯುವಾಗ ಮಾತ್ರ ಹಿಂದಿ. ಕರಾವಳಿಯವರು ಇದನ್ನು ಹೇಳಿಕೊಳ್ಳುವುದೇ ಇಲ್ಲ, ಉಸಿರಾಡುವುದನ್ನು ಯಾರು ಹೇಳಿಕೊಳ್ಳುತ್ತಾರೆ ಹೇಳಿ.

ಇಷ್ಟೆಲ್ಲ ಆದ ಮೇಲೂ ಹಾಳೆ ಖಾಲಿ ಇದ್ದರೆ ಮನೆಗೆ ಫೋನ್ ಮಾಡಿ. ನಾನೂ ಮಾಡಿದ್ದೆ.

“ಅಮ್ಮಾ, ನನ್ ಬಗ್ಗೆ ವಿಚಿತ್ರವಾಗಿರೋದು ಏನಾದ್ರೂ ಇದ್ರೆ ಹೇಳು.”

“ನಿಂದಾ? ಒಂದಾ ಎರಡಾ!”

“ಆಫೀಸಲ್ಲಿ ಹೇಳೋಕೆ ಕಣಮ್ಮಾ.”

“ಮೂರನೇ ಕ್ಲಾಸಲ್ಲಿ ಬಸ್ಸಲ್ಲಿ ನಿದ್ದೆ ಹೊಡ್ದು ಚಳ್ಳಕೆರೆಗೆ ಹೋಗಿದ್ಯಲ್ಲೋ, ಅದನ್ ಹೇಳು.”

ನನಗದು ಮರೆತೇಹೋಗಿತ್ತು. ಸ್ಕೂಲಿನಿಂದ ಬಸ್ಸು ಹತ್ತಿದವನು ನಮ್ಮ ಸ್ಟಾಪಿನಲ್ಲಿ ಇಳಿಯದೆ ಮಲಗಿಬಿಟ್ಟಿದ್ದೆ. ಎದ್ದರೆ ಚಳ್ಳಕೆರೆ. ಕಂಡಕ್ಟರು ಬೈಯಲಿಲ್ಲ. ಮಂಡಕ್ಕಿ ಕೊಡಿಸಿ, ಅದೇ ಬಸ್ಸಿನ ವಾಪಸ್ ಟ್ರಿಪ್ಪಿನಲ್ಲಿ ಡ್ರೈವರ್ ಪಕ್ಕದ ಬಾನೆಟ್ ಮೇಲೆ ಕೂರಿಸಿಕೊಂಡು ಬಂದಿದ್ದರು. ಬಿಸಿ ಬಾನೆಟ್ಟು, ಕೈಯಲ್ಲಿ ಮಂಡಕ್ಕಿ ಪೊಟ್ಟಣ. ಇಳಿದ ಮೇಲೆ ಅಮ್ಮನಿಂದ ಬಿದ್ದ ಏಟೊಂದನ್ನು ಬಿಟ್ಟರೆ ಬಾಲ್ಯದ ಅತಿ ಸುಖದ ಸಂಜೆ.

ನಮ್ಮ ಬಗ್ಗೆ ನಮಗಿಂತ ಹೆಚ್ಚು ನೆನಪಿರುವುದು ಅಮ್ಮ, ಅಕ್ಕ, ಚಿಕ್ಕಂದಿನ ಗೆಳೆಯರಿಗೆ. ಅವರನ್ನು ಕೇಳಲು ನಾಚಿಕೆ ಬೇಡ.

ಈಗ ಜರಡಿ ಹಿಡಿಯಿರಿ

ಹಾಳೆಯಲ್ಲಿ ಹತ್ತು ಹದಿನೈದು ಇವೆ. ಒಂದೊಂದಕ್ಕೂ ಎರಡು ಪ್ರಶ್ನೆ ಕೇಳಿ. ಆ ರೂಮಿನಲ್ಲಿರುವ ಇನ್ನೊಬ್ಬರು ಇದೇ ಮಾತು ಹೇಳಬಹುದಾ? ಹೌದಾದರೆ ಹೊಡೆದುಹಾಕಿ. ಟ್ರಾವೆಲ್, ಮ್ಯೂಸಿಕ್, ಫುಡ್, ನೆಟ್‌ಫ್ಲಿಕ್ಸ್ ಎಲ್ಲ ಇಲ್ಲೇ ಉದುರುತ್ತವೆ. ‘ನಾನು ತುಂಬಾ ಹಾರ್ಡ್ ವರ್ಕಿಂಗ್’, ‘ನಾನು ಸ್ಟ್ರೈಟ್ ಫಾರ್ವರ್ಡ್’ ಕೂಡ ಉದುರಬೇಕು. ಅವು ಸಂಗತಿಗಳಲ್ಲ, ನಮಗೆ ನಾವೇ ಕೊಟ್ಟುಕೊಂಡ ಮಾರ್ಕ್ಸು. ಎರಡನೇ ಪ್ರಶ್ನೆ, ಇದನ್ನು ಕೇಳಿದವರು ತಿರುಗಿ ಏನಾದ್ರೂ ಕೇಳಬಹುದಾ? ‘ಓ, ಹೌದಾ’ ಅಂತ ನಿಲ್ಲುವ ಮಾತಾದರೆ ಅದೂ ಬೇಡ.

ಇನ್ನು ಎಚ್ಚರಿಕೆಯ ಮಾತು. ನಮ್ಮಲ್ಲಿ ಅಡ್ಡಹೆಸರು, ಊಟ, ಮನೆದೇವರು ಇವುಗಳ ಬಗ್ಗೆ ಕುತೂಹಲದಿಂದ ಕೇಳುವ ಎಲ್ಲರೂ ಬರೀ ಕುತೂಹಲದಿಂದ ಕೇಳುವುದಿಲ್ಲ. ‘ನಿಮ್ಮ ಕಡೆ ಯಾವ ಪೈಕಿ?’ ಅನ್ನುವಲ್ಲಿಗೆ ಮಾತನ್ನು ತಂದು ನಿಲ್ಲಿಸುವವರಿದ್ದಾರೆ. ಅಂಥ ದಾರಿ ತೆರೆಯುವ ಕಥೆ ಹೇಳುವುದೋ ಬೇಡವೋ ಪೂರ್ತಿ ನಿಮ್ಮಿಷ್ಟ. ಹೇಳದಿದ್ದರೆ ಏನೂ ಕಳೆದುಕೊಳ್ಳುವುದಿಲ್ಲ. ಕಾಯಿಲೆ, ಸಂಬಳ, ಮುರಿದ ಮದುವೆ ಮೊದಲ ದಿನಕ್ಕೆ ಭಾರವಾಗುತ್ತವೆ. ಗಂಡ, ಹೆಂಡತಿ, ತಮ್ಮನ ಪಜೀತಿಗಳನ್ನು ಅವರ ಒಪ್ಪಿಗೆ ಇಲ್ಲದೆ ಮಾರಬೇಡಿ. ಆನ್‌ಲೈನ್ ಮೀಟಿಂಗಿನಲ್ಲಿ ಗುರುತಿಲ್ಲದ ಇನ್ನೂರು ಜನ ಇದ್ದರೆ ಹುಟ್ಟಿದ ತಾರೀಖು, ಮೊದಲ ಶಾಲೆ, ಸಾಕಿದ ನಾಯಿಯ ಹೆಸರು ಬಿಡಿ. ಪಾಸ್‌ವರ್ಡ್ ಮರೆತಾಗ ಕೆಲವು ವೆಬ್‌ಸೈಟುಗಳು ಕೇಳುವುದು ಇದನ್ನೇ ಅಲ್ವಾ.

ಸುಳ್ಳು ಬೇಡ ಅಂತ ಬೇರೆ ಹೇಳಬೇಕಾ? ನೀತಿಗಾಗಿ ಹೇಳುತ್ತಿಲ್ಲ. ಸುಳ್ಳಿನ ಮುಂದಿನ ಪ್ರಶ್ನೆಗೂ ಸುಳ್ಳು ಬೇಕಾಗುತ್ತದೆ. ‘ಎರಡು ನಿಜ, ಒಂದು ಸುಳ್ಳು’ ಆಟ ಆಡಿಸಿದರೆ ಮಾತ್ರ ಹೇಳಿ. ಆ ಆಟದಲ್ಲಿ ನಿಜಗಳು ವಿಚಿತ್ರವಾಗಿರಬೇಕು, ಸುಳ್ಳು ಸಪ್ಪೆಯಾಗಿರಬೇಕು. ಹೊಸಬರು ಇದನ್ನು ಉಲ್ಟಾ ಮಾಡಿ ಸಿಕ್ಕಿಬೀಳುತ್ತಾರೆ.

ಎರಡು ವಾಕ್ಯಕ್ಕೆ ಇಳಿಸಿ

ಉಳಿದ ಎರಡು ಮೂರನ್ನು ಈಗ ಬಾಯಿಬಿಟ್ಟು ಹೇಳಿ ನೋಡಿ. ಮೊದಲ ಸಲ ಉದ್ದ ಆಗುತ್ತದೆ. ಚಳ್ಳಕೆರೆ ಕಥೆ ನಾನು ಮೊದಲು ಹೇಳಿಕೊಂಡಾಗ ಮೂರು ನಿಮಿಷ ಆಗಿತ್ತು, ಸ್ಕೂಲಿನ ಹೆಡ್‌ಮಾಸ್ತರೂ ಒಳಗೆ ಬಂದಿದ್ದರು. ಕೊನೆಗೆ ಉಳಿದದ್ದು ಇಷ್ಟು: “ಎಂಟು ವರ್ಷದವನಿದ್ದಾಗ ಬಸ್ಸಲ್ಲಿ ನಿದ್ದೆ ಹೋಗಿ ಒಬ್ಬನೇ ಬೇರೆ ತಾಲ್ಲೂಕಿಗೆ ಹೋಗಿದ್ದೆ. ಕಂಡಕ್ಟರು ಮಂಡಕ್ಕಿ ಕೊಡಿಸಿ ವಾಪಸ್ ಕರ್ಕೊಂಡು ಬಂದ್ರು.” ಅಮ್ಮನ ಏಟನ್ನು ಬೇಕೆಂದೇ ಬಿಟ್ಟಿದ್ದೇನೆ. ‘ಮನೆಯಲ್ಲಿ ಏನಂದ್ರು?’ ಅಂತ ಅವರೇ ಕೇಳಲಿ.

ಹಾಗಂತ ಟ್ರಾವೆಲ್, ಅಡುಗೆ ನಿಜಕ್ಕೂ ಇಷ್ಟ ಇರುವವರು ಏನು ಮಾಡಬೇಕು? ಅದನ್ನೇ ಸಣ್ಣದು ಮಾಡಿ. ‘ಅಡುಗೆ ಇಷ್ಟ’ ಅನ್ನುವ ಬದಲು, ‘ಆರು ವರ್ಷದಿಂದ ಮುದ್ದೆ ಮಾಡ್ತಿದೀನಿ, ಗಂಟಿಲ್ಲದ ಮುದ್ದೆ ಇನ್ನೂ ಒಂದೂ ಬಂದಿಲ್ಲ’ ಅನ್ನಿ. ‘ಓದೋದು ಇಷ್ಟ’ ಅಂದರೆ ಯಾರೂ ನಂಬಲ್ಲ. ‘ಬೋಂಡಾ ಕಟ್ಟಿಕೊಟ್ಟ ಪೇಪರನ್ನು ಬಿಡಿಸಿ ಓದದೆ ಎಸೆಯಲ್ಲ’ ಅಂದರೆ ನಂಬುತ್ತಾರೆ. ಕ್ರಿಕೆಟ್ಟಿನ ಬಗ್ಗೆ ನಾನು ಕೇಳಿದ್ದರಲ್ಲಿ ಒಳ್ಳೆಯದು ಇದು: “ಹನ್ನೆರಡು ವರ್ಷ ಟೀಮಿನ ವಿಕೆಟ್ ಕೀಪರ್ ಆಗಿದ್ದೆ. ಯಾಕಂದ್ರೆ ಗ್ಲೌಸ್ ನಂದಾಗಿತ್ತು.”

ಗಮನಿಸಿ, ಎಲ್ಲದರಲ್ಲೂ ಒಂದು ಲೆಕ್ಕ ಅಥವಾ ಒಂದು ವಸ್ತು ಇದೆ. ಆರು ವರ್ಷ, ಬೋಂಡಾ ಪೇಪರು, ಗ್ಲೌಸು. ಅದು ಸಿಕ್ಕರೆ ವಿಶೇಷಣ ಬೇಕಾಗುವುದಿಲ್ಲ. ‘ತುಂಬಾ ಫನ್ನಿ ಏನಂದ್ರೆ’ ಅಂತ ಶುರು ಮಾಡಲೂಬೇಡಿ, ನಗು ಬರುವುದಿದ್ದರೂ ಓಡಿಹೋಗುತ್ತದೆ.

ಎಲ್ಲಿ ಯಾವುದು

ಕೆಲಸದ ಇಂಟರ್‌ವ್ಯೂನಲ್ಲಿ ‘ನಿಮ್ಮ ಬಗ್ಗೆ ಹೇಳಿ’ ಅಂದರೆ ಅದು ಬೇರೆಯೇ ಪ್ರಶ್ನೆ. ಅಲ್ಲಿ ಓದು, ಮಾಡಿದ ಕೆಲಸ ಹೇಳಿ. ಮಂಡಕ್ಕಿ ಬೇಡ.

ಕನ್ನಡ ಬಾರದವರ ನಡುವೆ, ಬಿಡಿಸಿ ಹೇಳಬೇಕಾದ ಕಥೆ ಸೋಲುತ್ತದೆ. ಮುದ್ದೆ ಅಂದರೇನು ಅಂತ ಅರ್ಧ ನಿಮಿಷ ಹೇಳುವಷ್ಟರಲ್ಲಿ ಗಂಟಿನ ತಮಾಷೆ ಸತ್ತಿರುತ್ತದೆ. ಆದರೆ ‘ನಮ್ಮ ಮನೆಯಲ್ಲಿ ದಿನಾ ತಿನ್ನೋ ಊಟವನ್ನು ಅಗಿಯಬಾರದು, ನುಂಗಬೇಕು’ ಅಂದರೆ ಅವರೇ ಕುರ್ಚಿ ಹತ್ತಿರ ಎಳೆದುಕೊಳ್ಳುತ್ತಾರೆ.

ಹೊರದೇಶದ ಕನ್ನಡ ಕೂಟಗಳಲ್ಲಿ ಲೆಕ್ಕ ತಿರುಗುಮುರುಗು. ಅಲ್ಲಿ ಎಲ್ಲರೂ ಮೊದಲು ಕೇಳುವುದೇ ‘ಎಲ್ಲಾಯ್ತು ಊರು?’ ಅಂತ. ಬೆಂಗಳೂರು ಅಂದರೆ ಯಾರ ಕಣ್ಣೂ ಅರಳುವುದಿಲ್ಲ, ಅರ್ಧ ಸಭೆ ಬೆಂಗಳೂರೇ. ಒಂದು ಮೆಟ್ಟಿಲು ಕೆಳಗಿಳಿದು ಬಸ್ ಸ್ಟಾಪು, ಅಡ್ಡರಸ್ತೆ, ದೋಸೆ ಹೋಟೆಲಿನ ಹೆಸರು ಹೇಳಿ. ‘ಅಯ್ಯೋ, ಅದರ ಹಿಂದಿನ ಗಲ್ಲಿಯಲ್ಲೇ ನಮ್ಮತ್ತೆ ಮನೆ’ ಅನ್ನುವವರು ಒಬ್ಬರಾದರೂ ಸಿಗುತ್ತಾರೆ.

ಹೆಣ್ಣು ನೋಡುವ, ಗಂಡು ನೋಡುವ ಶಾಸ್ತ್ರದಲ್ಲಿ ಇಬ್ಬರನ್ನೇ ಬಾಲ್ಕನಿಗೆ ಕಳಿಸಿ ಐದು ನಿಮಿಷ ಮಾತಾಡಿ ಅಂತಾರಲ್ಲ, ಅಲ್ಲಿಗೂ ‘ಮಾಡದೇ ಇರುವುದು’ ಪಟ್ಟಿ ಚೆನ್ನಾಗಿ ಕೆಲಸ ಮಾಡುತ್ತದೆ. ಅನುಭವದ ಮಾತು. ಹೆಚ್ಚು ಹೇಳಲ್ಲ.

ಸರದಿ ಬಂದಾಗ

ಒಂದು ಹಳೇ ಪ್ರಯೋಗ ನೆನಪಿಡಿ. 1973ರಲ್ಲಿ ಮಾಲ್ಕಮ್ ಬ್ರೆನರ್ ಅನ್ನುವವರು ಜನರನ್ನು ಸುತ್ತ ಕೂರಿಸಿ ಒಬ್ಬೊಬ್ಬರಿಂದ ಒಂದೊಂದು ಪದ ಗಟ್ಟಿಯಾಗಿ ಓದಿಸಿದರು. ಆಮೇಲೆ ಯಾರ‍್ಯಾರು ಏನು ಓದಿದರು ಅಂತ ಕೇಳಿದರು. ತಮ್ಮ ಸರದಿಗೆ ಸ್ವಲ್ಪ ಮೊದಲು ಓದಿದ ಪದಗಳೇ ಜನರಿಗೆ ನೆನಪಿರಲಿಲ್ಲ. ಕಿವಿ ಅಲ್ಲೇ ಇದೆ, ಮನಸ್ಸು ಮಾತ್ರ ‘ಮುಂದೆ ನಂದೇ’ ಅಂತ ಢವಢವ.

ಇದರಿಂದ ಎರಡು ಉಪಯೋಗ. ನೀವು ಮಾತಾಡುವಾಗ ನಿಮ್ಮ ಮುಂದಿನ ಸರದಿಯವರು ಕಲ್ಲಿನಂತೆ ಕೂತಿದ್ದರೆ ಬೇಜಾರಾಗಬೇಡಿ, ಅವರು ಇಲ್ಲಿಲ್ಲ. ದೂರ ಕೂತವರ, ಹೇಳಿ ಮುಗಿಸಿದವರ ಮುಖ ನೋಡಿ ಮಾತಾಡಿ. ಎರಡನೆಯದು, ನಿಮ್ಮ ಮಾತನ್ನು ಮೊದಲೇ ಆರಿಸಿಟ್ಟುಕೊಂಡಿದ್ದೀರಲ್ಲ, ಈಗ ನಿಮ್ಮ ಹಿಂದಿನವರ ಮಾತಿಗೆ ಕಿವಿಕೊಡಿ. ಬೇರೆ ಯಾರೂ ಸರಿಯಾಗಿ ಕೇಳಿಸಿಕೊಳ್ಳದ ಹೊತ್ತಿನಲ್ಲಿ ನೀವೊಬ್ಬರು ಕೇಳಿಸಿಕೊಂಡಿರುತ್ತೀರಿ. ಟೀ ಬ್ರೇಕಿನಲ್ಲಿ ಹೋಗಿ, “ನಿಮಗೆ ಸೈಕಲ್ ಬರಲ್ಲ ಅಂದ್ರಲ್ಲ, ಯಾಕ್ರೀ?” ಅಂತ ಕೇಳಿದರೆ ಆಯಿತು.

ನೀವು ಇಟ್ಟುಕೊಂಡಿದ್ದನ್ನೇ ಇನ್ನೊಬ್ಬರು ಮೊದಲು ಹೇಳಿಬಿಟ್ಟರೆ? ಅದಕ್ಕೇ ಎರಡು ಮೂರು ಉಳಿಸಿಕೊಳ್ಳಿ ಅಂದಿದ್ದು. ಅದೂ ಇಲ್ಲದಿದ್ದರೆ, “ನನಗೂ ಸೈಕಲ್ ಬರಲ್ಲ, ನಾವಿಬ್ಬರೂ ಒಂದು ಸಂಘ ಮಾಡ್ಕೋತೀವಿ” ಅನ್ನಿ. ಹೇಳಿ ಮುಗಿದ ಮೇಲೆ “ಅಷ್ಟೇ, ಅಂಥದ್ದೇನಿಲ್ಲ” ಅಂತ ಬಾಲ ಸೇರಿಸಬೇಡಿ. ಸುಮ್ನೆ ಕೂತುಬಿಡಿ.

ಮೂರನೇ ಕೆಲಸಕ್ಕೆ ಸೇರಿದ ದಿನ ನಾನು ಆ ಎರಡು ವಾಕ್ಯ ಹೇಳಿ ಕೂತೆ. ಈಗ ನಾಲ್ಕು ವರ್ಷವಾಯಿತು. ಅಕೌಂಟ್ಸ್‌ನ ಹಿರಿಯರೊಬ್ಬರಿಗೆ ನನ್ನ ಹೆಸರು ಇನ್ನೂ ಸರಿಯಾಗಿ ಬಾಯಿಗೆ ಬರುವುದಿಲ್ಲ. ಲಿಫ್ಟಿನಲ್ಲಿ ಸಿಕ್ಕಾಗ ಮಾತ್ರ, ನಮ್ಮ ಮಹಡಿ ಬರುತ್ತಿದ್ದಂತೆ ಭುಜ ತಟ್ಟಿ ಎಬ್ಬಿಸುವವರ ಹಾಗೆ, “ಏನ್ರೀ ಚಳ್ಳಕೆರೆ, ಇಳ್ಕೋತೀರಾ?” ಅನ್ನುತ್ತಾರೆ.